ನಾಲ್ಕು ಚಕ್ರಕ್ಕೆ ಒಂದು ಕೇಂದ್ರ

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಹೊಸನಗರದ ನನ್ನ ಗ್ಯಾರೇಜಿಗೆ ಬ್ರೇಕ್ ರಿಪೇರಿಗೆಂದು ಬಂದಿದ್ದ ಬಸ್ಸಿನ ಡ್ರೈವರ್ ಒಬ್ಬ, ಚಾ ಕುಡಿಯುತ್ತಾ, "ನಿಮ್ಮ ಆ ನಡೆಯೋ ಮೇಷ್ಟ್ರು ಹೋಗ್ಬಿಟ್ರಂತಲ್ಲ ಮಾರಾಯ್ರೆ, ತೀರ್ಥಹಳ್ಳೀಲಿ" ಎಂದ. ನಾನು ಸ್ಪ್ಯಾನರ್ ಕೆಳಗಿಟ್ಟೆ. ಆ ದಿನ ಆ ಬಸ್ಸಿನ ಬ್ರೇಕ್ ರಿಪೇರಿಯಾಗಲಿಲ್ಲ.

ಅವರು ತರಗತಿಯಲ್ಲಿ ನನಗೆ ಒಂದಕ್ಷರ ಕಲಿಸಿದವರಲ್ಲ. ನನಗೂ ಅವರಿಗೂ ಇದ್ದ ಒಡನಾಟ ಹೆಚ್ಚೆಂದರೆ ನಾಲ್ಕು ತಿಂಗಳಿನದು. ಆ ನಾಲ್ಕು ತಿಂಗಳಲ್ಲಿ ಬಹುಪಾಲು ಸಮಯವನ್ನು ನಾವಿಬ್ಬರೂ ಸಾಗರದ ಒಂದು ಮುಚ್ಚಿದ ಅಕ್ಕಿ ಗಿರಣಿಯಲ್ಲಿ, ಒಂದೇ ಚಾಪೆಯ ಮೇಲೆ, ಒಂದು ಮುರುಕು ಕಾರಿನ ಕೆಳಗೆ ಅಂಗಾತ ಮಲಗಿ ಕಳೆದೆವು.

ಸಾಗರದಲ್ಲಿ ಅವರನ್ನು ಅರಿಯದವರು ಇರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಬೀಜಗಣಿತವನ್ನು ಕರ್ತವ್ಯವೆಂದು ಹೇಳಿದರೆ ರೇಖಾಗಣಿತವನ್ನು ಪ್ರೀತಿಯಿಂದ ಹೇಳುತ್ತಿದ್ದರು. ಪಂಚೆ, ಮಾಸಿದ ಕರಿ ಕೋಟು, ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಸೀಮೆಸುಣ್ಣ. ಅವರ ಮನೆಗೂ ಶಾಲೆಗೂ ನಡುವೆ ಒಂದು ಆಟದ ಮೈದಾನವಿತ್ತು. ಊರಿನವರೆಲ್ಲ ಅದರ ಎರಡು ಅಂಚು ಹಿಡಿದು ಬಳಸಿ ಹೋದರೆ ಇವರು ಮೂಲೆಯಿಂದ ಮೂಲೆಗೆ ನೇರ ನಡೆಯುತ್ತಿದ್ದರು. ಫುಟ್ಬಾಲ್ ಪಂದ್ಯ ನಡೆಯುತ್ತಿದ್ದರೂ ಅಷ್ಟೇ. ಆಟಗಾರರು ಚೆಂಡಿನ ಮೇಲೆ ಕಾಲಿಟ್ಟು ನಿಂತು ಅವರು ದಾಟುವವರೆಗೂ ಕಾಯುತ್ತಿದ್ದರು. ಒಮ್ಮೆ ಹೊರಗಿನಿಂದ ಬಂದ ರೆಫರಿಯೊಬ್ಬ ಸೀಟಿ ಊದಿ ಇವರನ್ನು ತಡೆದನಂತೆ. ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ. "ತ್ರಿಭುಜದ ಎರಡು ಬಾಹುಗಳ ಮೊತ್ತ ಮೂರನೇದಕ್ಕಿಂತ ಯಾವಾಗ್ಲೂ ಹೆಚ್ಚು. ಅದನ್ನ ನಾನು ಮಾಡಿದ್ದಲ್ಲ" ಎಂದು ಸಮಾಧಾನ ಹೇಳಿ ಮುಂದೆ ನಡೆದರಂತೆ.

ಅವರು ಯಾವ ವಾಹನವನ್ನೂ ಹತ್ತುತ್ತಿರಲಿಲ್ಲ. ಬಸ್ಸು ಹತ್ತಿದರೆ ಎರಡನೇ ತಿರುವಿನಲ್ಲೇ ವಾಂತಿಯಾಗುತ್ತಿತ್ತು. ಎತ್ತಿನಗಾಡಿಯಲ್ಲೂ ತಲೆ ಸುತ್ತುತ್ತಿತ್ತು. ತಮ್ಮ ಮದುವೆಗೂ ಅವರು ಸಾಗರದಿಂದ ತೀರ್ಥಹಳ್ಳಿಗೆ ನಡೆದೇ ಹೋಗಿದ್ದರು. ಎಲ್ಲಿ ತಡವಾಗುತ್ತದೋ ಎಂದು ಲೆಕ್ಕದ ಮೇಲೆ ಲೆಕ್ಕ ಹಾಕಿ, ದಿಬ್ಬಣಕ್ಕಿಂತ ಐದು ದಿನ ಮುಂಚೆ ಹೊರಟಿದ್ದರಿಂದ, ಹೆಣ್ಣಿನ ಮನೆಯವರು ಚಪ್ಪರಕ್ಕೆ ಗುಂಡಿ ತೋಡುತ್ತಿದ್ದಾಗಲೇ ಮದುಮಗ ಬಂದು ಜಗುಲಿಯ ಮೇಲೆ ಕೂತಿದ್ದರಂತೆ. ಸುಮ್ಮನೆ ಕೂರಲಾರದೆ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಚಪ್ಪರದ ಕಂಬಗಳನ್ನು ಪರೀಕ್ಷಿಸಿ, ಎರಡು ಕಂಬ ಕೀಳಿಸಿ ಮತ್ತೆ ನೆಡಿಸಿದರಂತೆ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. "ನಮ್ಮಪ್ಪ ಆವತ್ತೇ ಕೇಳಿದ್ರು ನನ್ನ, ಇನ್ನೂ ಹೊತ್ತು ಮೀರಿಲ್ಲ ಮಗಾ, ಎಂತ ಮಾಡ್ತೀಯ ಅಂತ" ಎಂದು ಅವರು ನಗುತ್ತಿದ್ದರು.

ಇಂಥವರಿಗೂ ರೇಸ್ ಕಾರಿಗೂ ಎಲ್ಲಿಯ ಸಂಬಂಧ ಎಂದರೆ, ಒಂದು ಪದದ ಸಂಬಂಧ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಮೂವರು ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದೆವು: ನಾನು, ಕೆಳದಿ ಕಡೆಯ ಗಣಪತಿ, ಅರಳಸುರಳಿಯ ಉಮೇಶ. ಗುಜರಿಯಿಂದ ತಂದ ಎಂಜಿನ್ನು, ನಾಲ್ಕು ಬೇರೆ ಬೇರೆ ವಾಹನದಿಂದ ಕಳಚಿದ ನಾಲ್ಕು ಚಕ್ರ, ನೀರಿನ ಪೈಪು ಬೆಸೆದು ಮಾಡಿದ ಚೌಕಟ್ಟು, ಇಷ್ಟನ್ನು ಸೇರಿಸಿ ಒಂದು ರೇಸ್ ಕಾರು ಮಾಡಿದ್ದೆವು. ಅದಕ್ಕೆ ಬಾಗಿಲಿಲ್ಲ, ಚಾವಣಿಯಿಲ್ಲ, ದೀಪವಿಲ್ಲ. ಕೂರಲು ಕಾಲಿಲ್ಲದ ಮರದ ಕುರ್ಚಿ. ನೇರಕ್ಕೆ ಓಡುತ್ತಿತ್ತು. ಸ್ಟೇರಿಂಗ್ ತಿರುಗಿಸಿದರೆ ಮಾತ್ರ ಮುಂದಿನ ಟೈರುಗಳು ಹಂದಿ ಹಿಡಿದಂತೆ ಕಿರುಚಿ, ಕಾರು ಒಂದು ಕಡೆಗೂ ಹೋಗಲಾರದೆ ಕುಪ್ಪಳಿಸುತ್ತಿತ್ತು.

ನಮ್ಮ ಹತ್ತಿರ ಹರಿದುಹೋದ ಒಂದು ಇಂಗ್ಲಿಷ್ ಮೋಟಾರು ಪತ್ರಿಕೆ ಇತ್ತು. ಟೈರು ಕಿರುಚಿದರೆ ಸ್ಟೇರಿಂಗ್ ಜಾಮಿಟ್ರಿ ಸರಿಪಡಿಸಬೇಕು ಎಂದು ಅದರಲ್ಲಿ ಬರೆದಿತ್ತು. ಹೇಗೆ ಎಂಬ ಪುಟವೇ ಇರಲಿಲ್ಲ. ನಮ್ಮ ಲೆಕ್ಚರರನ್ನು ಕೇಳಿದರೆ, "ಸಿಲಬಸ್ಸಲ್ಲಿಲ್ಲ, ಮತ್ತೆ ಇದ್ರಲ್ಲಿ ನನ್ನ ಹೆಸರು ಬರಬಾರ್ದು" ಎಂದರು.

ಗಣಪತಿ ಬಹಳ ಹೊತ್ತು ಯೋಚಿಸಿ, "ಜಾಮಿಟ್ರಿ ಅಂದ್ರೆ ನಮ್ಮ ಹೈಸ್ಕೂಲ್ ಮೇಷ್ಟ್ರಿದ್ದಾರಲ್ಲ" ಎಂದ.

ಅದು ತಮಾಷೆಯ ಮಾತಲ್ಲ. ನಮಗೆ ಅಷ್ಟೇ ತಿಳಿವಳಿಕೆ ಇದ್ದದ್ದು.

ಭಾನುವಾರ ಬೆಳಿಗ್ಗೆ ಮೂವರೂ ಅವರ ಮನೆಗೆ ಹೋದೆವು. ಗಣಪತಿ ವಿಷಯ ಹೇಳಿದ. ಮೇಷ್ಟ್ರು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಇವರಿಗೆ ಸಿಟ್ಟು ಬಂತೇನೋ ಎಂದು ನಾನು ಚಪ್ಪಲಿಯ ಕಡೆ ನೋಡಿದೆ.

"ಇಷ್ಟು ವರ್ಷದಲ್ಲಿ ಎಷ್ಟೋ ಮಕ್ಕಳು, 'ಇದ್ರಿಂದ ಮುಂದೆ ಏನ್ ಉಪಯೋಗ ಸಾರ್' ಅಂತ ಕೇಳಿದಾರೆ" ಎಂದರು. "ಜಾಮಿಟ್ರಿ ಬೇಕು ಅಂತ ಮನೆ ಬಾಗ್ಲಿಗೆ ಬಂದವ್ರು ನೀವೇ ಮೊದಲು." ಆಮೇಲೆ ಒಳಗೆ ತಿರುಗಿ, "ಮೂರು ಲೋಟ ಕಾಫಿ!" ಎಂದು ಕೂಗಿದರು. ಆ ಕೂಗಿಗೆ ಅವರ ಹೆಂಡತಿ ಏನಾಯಿತೋ ಎಂದು ಓಡಿಬಂದರು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಗಿರಣಿಗೆ ಬಂದರು. ಒಂದು ಕಂಕುಳಲ್ಲಿ ಕೊಡೆ, ಇನ್ನೊಂದರಲ್ಲಿ ಕಪ್ಪುಹಲಗೆಯ ಮೇಲೆ ವೃತ್ತ ಎಳೆಯುವ ಮರದ ದೊಡ್ಡ ಕೈವಾರ ಮತ್ತು ಕೋನಮಾಪಕ. ಕಾರನ್ನು ಮೂರು ಸುತ್ತು ಬಂದರು.

"ಇದೇನು?"

"ರೇಡಿಯೇಟರು ಸಾರ್."

"ತಿರುಗ್ತದಾ?"

"ಇಲ್ಲ."

"ಹಾಗಾದ್ರೆ ನಮಗೆ ಸಂಬಂಧ ಇಲ್ಲ."

ಹೀಗೆ ಎಂಜಿನ್ನು, ಗೇರ್ ಬಾಕ್ಸು, ಪೆಟ್ರೋಲ್ ಟ್ಯಾಂಕು ಎಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಿ, ಕೊನೆಗೆ ನಾಲ್ಕು ಚಕ್ರ ಮಾತ್ರ ಉಳಿದಾಗ ಅವರಿಗೆ ಸಮಾಧಾನವಾಯಿತು. ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿ, ಚಾಪೆ ಹಾಸಿಸಿ, ಕಾರಿನ ಕೆಳಗೆ ಮಲಗಿದರು. ಅಲ್ಲಿಂದಲೇ ಪಾಠ ಶುರು.

"ಆಲೆಮನೇಲಿ ಗಾಣ ಸುತ್ತೋ ಜೋಡಿ ಎತ್ತು ನೋಡಿದೀರಲ್ಲ? ಒಳಗಡೆಯ ಎತ್ತು ಜಾಸ್ತಿ ಹೊರಳಿ ನಡೀತದೆ, ಹೊರಗಿಂದು ಕಮ್ಮಿ. ಎರಡೂ ಒಂದೇ ಸಮ ಹೊರಳಿದ್ರೆ ಒಂದರ ಕಾಲು ಇನ್ನೊಂದು ತುಳೀತದೆ. ನಿಮ್ಮ ಕಾರಿನ ಮುಂದಿನ ಚಕ್ರ ಎರಡೂ ಒಂದೇ ಸಮ ಹೊರಳ್ತಾ ಇದಾವೆ. ಅದಕ್ಕೇ ಕಿರುಚ್ತಾವೆ. ತಿರುಗುವಾಗ ನಾಲ್ಕು ಚಕ್ರ ನಾಲ್ಕು ವೃತ್ತ ಎಳೀತಾವೆ. ವೃತ್ತ ನಾಲ್ಕಿರ್ಲಿ, ಕೇಂದ್ರ ಒಂದೇ ಇರ್ಬೇಕು. ಅದು ಎಲ್ಲಿದೆ ಅಂತ ಮೊದ್ಲು ಹುಡುಕೋಣ."

ಹುಡುಕುವ ವಿಧಾನ ಸರಳವಾಗಿತ್ತು. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿಟ್ಟು, ಹಿಂದಿನ ಚಕ್ರಗಳ ಅಚ್ಚಿನ ನೇರಕ್ಕೆ ಒಂದು ದಾರ, ಮುಂದಿನ ಒಂದೊಂದು ಚಕ್ರದ ಅಚ್ಚಿನ ನೇರಕ್ಕೆ ಒಂದೊಂದು ದಾರ, ಒಟ್ಟು ಮೂರು ದಾರ ಎಳೆಯುವುದು. ಮೂರೂ ಒಂದೇ ಬಿಂದುವಿನಲ್ಲಿ ಸೇರಿದರೆ ಜಾಮಿಟ್ರಿ ಸರಿ. ದಾರ ಎಳೆಯುತ್ತಾ ಹೋದೆವು. ಗಿರಣಿಯ ಗೋಡೆ ಅಡ್ಡ ಬಂತು. ಮೇಷ್ಟ್ರು ಗೋಡೆಯಾಚೆ ಇಣುಕಿ ನೋಡಿ, ಲೆಕ್ಕ ಹಾಕಿ, ಕೋಟು ತೊಟ್ಟು ಪಕ್ಕದ ಮನೆಗೆ ನಡೆದರು. ಅಲ್ಲಿ ಯಶೋದಮ್ಮ ಎಂಬ ಗಟ್ಟಿ ದನಿಯ ಹೆಂಗಸು ಇದ್ದರು.

"ಅಮ್ಮಾ, ನಮ್ಮ ಕಾರಿನ ಕೇಂದ್ರ ನಿಮ್ಮ ಬಚ್ಚಲುಮನೇಲಿದೆ" ಎಂದರು ಮೇಷ್ಟ್ರು.

ಯಶೋದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾವ್ ಯಾರೂ ತಗೊಂಡಿಲ್ಲ ಮಾರಾಯ್ರೆ. ಬೇಕಾದ್ರೆ ಹುಡ್ಕಿ."

"ತಗೊಂಡಿದೀರಿ ಅಂತ ಅಲ್ಲ. ತಾನಾಗೇ ಅಲ್ಲಿದೆ."

"ನಮ್ಮ ಬಚ್ಚಲಲ್ಲಿ ಹಂಡೆ ಬಿಟ್ರೆ ಎಂಥದೂ ಇಲ್ಲ!"

ಇವರಿಬ್ಬರ ನಡುವೆ ಒಪ್ಪಂದವಾಗಲು ನಾಲ್ಕು ದಿನ ಹಿಡಿಯಿತು. ಮನೆಯವರೆಲ್ಲರ ಸ್ನಾನ ಮುಗಿದ ಮೇಲೆ, ಒಲೆ ಆರಿದ ಮೇಲೆ, ಯಶೋದಮ್ಮನ ಎದುರಿಗೇ, ಬಚ್ಚಲಿನ ಕಿಟಕಿಯಿಂದ ಮೂರು ದಾರ ಒಳಗೆ ಬಿಡಬಹುದು. ಬಿಟ್ಟೆವು. ಮೂರು ದಾರ ಒಂದು ಕಡೆ ಸೇರಲಿಲ್ಲ. ಮುಂದಿನ ಚಕ್ರಗಳ ಎರಡು ದಾರ ಹಿಂದಿನ ದಾರವನ್ನು ಹಂಡೆಯ ಈಚೆಗೊಂದು, ಆಚೆಗೊಂದು ಕಡೆ ದಾಟಿದವು. ಮೇಷ್ಟ್ರ ಮುಖ ತಮ್ಮ ಸ್ವಂತ ಮಗು ಫೇಲಾದ ಹಾಗೆ ಆಯಿತು. "ಚಕ್ರಗಳು ಬೇರೆ ಬೇರೆ ಊರಿಗೆ ಹೊರಟಿವೆ" ಎಂದರು.

ಯಶೋದಮ್ಮ ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. "ಅಲ್ಲ, ಆ ಕಾರನ್ನೇ ಹತ್ತಡಿ ಆಕಡೆ ದೂಡಿದ್ರೆ ನಿಮ್ಮ ಕೇಂದ್ರ ಗಿರಣಿ ಒಳಗೇ ಬರ್ತಿರ್ಲಿಲ್ವಾ?" ಎಂದು ಕೇಳಿದರು.

ನಾವು ಮೂವರೂ ನೆಲ ನೋಡಿದೆವು. ಮೇಷ್ಟ್ರು ಕಿಟಕಿಯಿಂದ ಗಿರಣಿಯ ಕಡೆ ನೋಡಿ ಮನಸ್ಸಿನಲ್ಲೇ ಅಳೆದರು.

"ಬರ್ತಿತ್ತು" ಎಂದರು. ಆಮೇಲೆ ಯಶೋದಮ್ಮನಿಗೆ ಕೈ ಮುಗಿದು, "ನೀವು ಎಷ್ಟು ಓದಿದೀರಿ?" ಎಂದು ಕೇಳಿದರು.

"ಮೂರನೇ ಕ್ಲಾಸು."

"ನಿಮ್ಮನ್ನ ಬಿಡಿಸಬಾರ್ದಿತ್ತು" ಎಂದು ಹೇಳಿ ಹೊರಟರು. ಆ ದಿನದಿಂದ ನಮಗೆ ಯಶೋದಮ್ಮನ ಮನೆಯಿಂದ ಸಂಜೆ ಮಜ್ಜಿಗೆ ಬರತೊಡಗಿತು.

ಆಮೇಲಿನ ಕೆಲಸ ವಾರಗಟ್ಟಲೆ ನಡೆಯಿತು. ಮುಂದಿನ ಚಕ್ರಗಳನ್ನು ಹೊರಳಿಸುವ ಎರಡು ಕಬ್ಬಿಣದ ತೋಳುಗಳು ನೇರ ಹಿಂದಕ್ಕೆ ಚಾಚಿಕೊಂಡಿದ್ದವು. ಅವು ಸ್ವಲ್ಪ ಒಳಕ್ಕೆ ಬಾಗಿ, ಎರಡರ ನೇರವೂ ಹಿಂದಿನ ಅಚ್ಚಿನ ನಡುಮಧ್ಯದ ಕಡೆ ಇರಬೇಕು ಎಂದು ಮೇಷ್ಟ್ರು ಸೀಮೆಸುಣ್ಣದಲ್ಲಿ ಗಿರಣಿಯ ನೆಲದ ತುಂಬ ಬರೆದು ಸಾಧಿಸಿದರು. ತೋಳು ಕಳಚಿ, ಕುಲುಮೆಗೆ ಒಯ್ದು, ಕಾಯಿಸಿ, ಬಗ್ಗಿಸಿ, ತಂದು ಕೂರಿಸಿ, ದಾರ ಎಳೆಯುವುದು. ಸೇರದಿದ್ದರೆ ಮತ್ತೆ ಕುಲುಮೆ. ಕಣ್ಣಂದಾಜಿನಲ್ಲಿ ಏನಾದರೂ ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. "ಕಣ್ಣಂದಾಜು ಅಂದ್ರೆ ಸೋಮಾರಿಯ ಗಣಿತ" ಎನ್ನುತ್ತಿದ್ದರು.

ಈ ನಡುವೆ ಹೆಡ್ಮಾಸ್ಟರಿಂದ ಅವರಿಗೆ ಮೆಮೊ ಬಂತು. ಶಾಲೆಯ ಕೈವಾರ ಹೊರಗೆ ಹೋಗಿದೆ, ಮತ್ತು ಶಿಕ್ಷಕರೊಬ್ಬರು ಮೋಟಾರು ವಾಹನದಡಿ ಮಲಗುವುದು ವೃತ್ತಿಗೆ ಶೋಭೆ ತರುವುದಿಲ್ಲ, ವಿವರಣೆ ನೀಡಿ ಎಂದಿತ್ತು. ನಿವೃತ್ತಿಗೆ ಒಂದು ವರ್ಷವೂ ಇರಲಿಲ್ಲ. ನಾವು ಗಾಬರಿಯಾದೆವು. ಮೇಷ್ಟ್ರು ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಪ್ರಮೇಯದ ಕ್ರಮದಲ್ಲಿ ಎರಡು ಪುಟದ ಉತ್ತರ ಬರೆದರು. ದತ್ತ: ಒಬ್ಬ ಶಿಕ್ಷಕ ಮತ್ತು ಒಂದು ವಾಹನ. ಸಾಧನೀಯ: ಮಲಗದೆ ಅಳೆಯುವುದು ಅಸಾಧ್ಯ. ಕೆಳಗೆ ಚಿತ್ರವೂ ಇತ್ತು. ಅದರಲ್ಲಿ ತಮ್ಮನ್ನು ಅಆ ಎಂಬ ಸರಳರೇಖೆಯಾಗಿ ತೋರಿಸಿದ್ದರು. ಹೆಡ್ಮಾಸ್ಟರು ಅದನ್ನು ಓದಿ ಮತ್ತೇನೂ ಕೇಳಲಿಲ್ಲವಂತೆ.

ಒಂದು ಸಂಜೆ, ಗಿರಣಿಯ ನೆಲದಲ್ಲಿ ನೆಟ್ಟ ಒಂದೇ ಮೊಳೆಯ ಮೇಲೆ ಮೂರು ದಾರಗಳೂ ಬಂದು ಕೂತವು. ಮೇಷ್ಟ್ರು ಬಗ್ಗಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕಾರು ಹೊರಗೆ ತಂದು ಗಣಪತಿ ಒಂದು ಸುತ್ತು ಹೊಡೆದ. ಟೈರು ಕಿರುಚಲಿಲ್ಲ. ಯಶೋದಮ್ಮ ಬೇಲಿಯಾಚೆಯಿಂದ ಚಪ್ಪಾಳೆ ತಟ್ಟಿದರು.

ನಾವು ಅಲ್ಲಿಗೇ ನಿಲ್ಲಿಸಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ಮೇಷ್ಟ್ರಿಗೆ ಇನ್ನೊಂದು ಆಸೆ ಹುಟ್ಟಿತ್ತು. ಸೈಕಲ್ಲನ್ನು ಸೀಟು ಹಿಡಿದು ದೂಡಿಕೊಂಡು ಹೋದರೆ ಹ್ಯಾಂಡಲ್ ತಾನೇ ನೇರವಾಗುವುದನ್ನು ಅವರು ಗಮನಿಸಿದ್ದರು. "ಕೈ ಬಿಟ್ರೂ ಚಕ್ರ ತಾನೇ ನೇರ ಆಗ್ಬೇಕು. ತಪ್ಪಿದವರು ತಾವೇ ಸರಿದಾರಿಗೆ ಬಂದ ಹಾಗೆ" ಎಂದರು. ಅದಕ್ಕೆ ಮುಂದಿನ ಅಚ್ಚು ತುಸು ಹಿಂದಕ್ಕೆ ವಾಲಬೇಕಿತ್ತು. ಅಚ್ಚಿಗೂ ಸ್ಪ್ರಿಂಗ್ ಪ್ಲೇಟಿಗೂ ನಡುವೆ ಕಬ್ಬಿಣದ ಎರಡು ಬೆಣೆ ಹೊಡೆದೆವು. ಬೆಣೆ ಬಹುಶಃ ಸ್ವಲ್ಪ ದಪ್ಪವಾಯಿತು. ತಿರುಗಿಸಿದ ಸ್ಟೇರಿಂಗ್ ಬಿಟ್ಟರೆ ಬುಗುರಿಯಂತೆ ತಿರುಗಿ ನೇರವಾಗುತ್ತಿತ್ತು. ತಿರುಗಿಸಿ ಹಿಡಿದಿರಲು ಎರಡೂ ಕೈಯ ಬಲ ಬೇಕಾಗುತ್ತಿತ್ತು. ಮೇಷ್ಟ್ರು ಮಾತ್ರ ಮಗುವಿನ ಮೊದಲ ಹೆಜ್ಜೆ ನೋಡಿದವರಂತೆ ಸ್ಟೇರಿಂಗನ್ನು ಮತ್ತೆ ಮತ್ತೆ ತಿರುಗಿಸಿ ಬಿಟ್ಟು ನೋಡಿದರು.

ಆಗ ಮಾಸ್ತಿಕಟ್ಟೆ ಕಡೆ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ಅಲ್ಲಿ ಕೆಲಸಗಾರರ ಕಾಲನಿಯ ಆಟೋಟದ ದಿನ, ಮೋಟಾರಿನ ಹುಚ್ಚಿದ್ದ ಅಧಿಕಾರಿಯೊಬ್ಬರು ವಿದ್ಯಾರ್ಥಿಗಳೇ ಮಾಡಿದ ಕಾರುಗಳ ಓಟವನ್ನು ಇಟ್ಟಿದ್ದರು. ನಾವು ಹೆಸರು ಕೊಟ್ಟೆವು. ಕಾರನ್ನು ಲಾರಿಯ ಮೇಲೆ ಹಾಕಿಕೊಂಡು ಹೊರಡುವುದೆಂದಾಯಿತು. ಮೇಷ್ಟ್ರು ಮೂರು ದಿನ ಮೊದಲೇ ರಜೆ ಹಾಕಿ, ಕೊಡೆ ಹಿಡಿದು ಸಾಗರದಿಂದ ನಡೆಯತೊಡಗಿದರು. ದಾರಿಯುದ್ದಕ್ಕೂ ಅವರಿಗೆ ಹಳೆಯ ಶಿಷ್ಯರಿದ್ದರು. ಹೊಸನಗರದಲ್ಲಿ ಒಬ್ಬನ ಮನೆ, ಮುಂದೆ ನಗರವೆಂಬ ಊರಿನಲ್ಲಿ ಇನ್ನೊಬ್ಬನ ಮನೆ. ನಾವು ಲಾರಿಯಿಂದಿಳಿದಾಗ ಅವರು ಮೈದಾನವನ್ನು ಹೆಜ್ಜೆಯಲ್ಲಿ ಅಳೆದು ಮುಗಿಸಿದ್ದರು.

ಓಟಕ್ಕೆ ಬಂದಿದ್ದದ್ದು ಎರಡೇ ಕಾರು. ಇನ್ನೊಂದು ತೀರ್ಥಹಳ್ಳಿಯ ಹುಡುಗರದು, ಟಿಲ್ಲರಿನ ಎಂಜಿನ್ನಿನದು. ಅದು ಸ್ಟಾರ್ಟೇ ಆಗಲಿಲ್ಲ. ಮೈದಾನಕ್ಕೆ ಒಂದು ಸುತ್ತು ಹಾಕಿ ಗುರಿಯ ಪಟ್ಟಿ ದಾಟಿದರೆ ಸಾಕು, ನಾವು ಗೆದ್ದಂತೆ. ನಿಂಬೆಹಣ್ಣು ಚಕ್ರದಡಿ ಇಟ್ಟು ಗಣಪತಿ ಕುರ್ಚಿಯಲ್ಲಿ ಕೂತ. ಮೊದಲನೇ ಗೇರಿನಲ್ಲಿ ಹೊರಟ. ನೇರ ಹೋಗಿ ಶಾಮಿಯಾನದ ಮುಂದೆ ಎಡಕ್ಕೆ ಪೂರ್ತಿ ಸ್ಟೇರಿಂಗ್ ತಿರುಗಿಸಿದ. ಅಲ್ಲಿ ಆಕ್ಸಿಲರೇಟರಿನ ತಂತಿ ಸಿಕ್ಕಿಕೊಂಡಿತು.

ಗೇರು ತೆಗೆಯಲು ಹೋದ. ಗೇರಿನ ಕೋಲು ಕೈಗೇ ಬಂತು. ಕ್ಲಚ್ಚು ತುಳಿದ, ಪೆಡಲಿನ ಪಿನ್ನು ಕಳಚಿ ಪೆಡಲು ನೆಲಕ್ಕೆ ಬಿತ್ತು. ಬ್ರೇಕು ಮೊದಲಿಂದಲೂ ಹೆಸರಿಗಷ್ಟೇ ಇತ್ತು. ಬೀಗದ ಕೈ ಕಳೆದುಹೋಗಿದ್ದರಿಂದ ಎಂಜಿನ್ನಿನ ಹಿಂದೆ ಎರಡು ವಯರುಗಳನ್ನು ಹೆಣೆದು ಸ್ಟಾರ್ಟ್ ಮಾಡುತ್ತಿದ್ದೆವು. ಅದು ಅವನ ಕೈಗೆ ಎಟುಕುತ್ತಿರಲಿಲ್ಲ. ಕಾರು ಅದೇ ಜಾಗದಲ್ಲಿ ಗುಂಡಗೆ ಸುತ್ತತೊಡಗಿತು. ಒಂದು ಸುತ್ತು, ಎರಡು, ಮೂರು. ಜನ ಇದೂ ಆಟದ ಭಾಗವೆಂದು ಚಪ್ಪಾಳೆ ಹೊಡೆದರು. ಮೈಕಿನವನು ಎಣಿಸತೊಡಗಿದ.

"ನಿಲ್ತಿಲ್ಲೆ! ಎಂತ ಮಾಡ್ಲಿ ಹೇಳ್ರೋ!" ಗಣಪತಿ ತನ್ನ ಮನೆಮಾತಿನಲ್ಲೇ ಕೂಗಿದ. "ಕೈ ಬಿಡ್ತಿ ಆನು, ಹಾರ್ತಿ!"

ಮೇಷ್ಟ್ರು ನನ್ನ ಪಕ್ಕದಲ್ಲಿದ್ದರು. "ಬೆಣೆ ಹಾಕಿದೀವಲ್ಲೋ" ಎಂದರು.

ನನಗೆ ಆಗ ಅರ್ಥವಾಯಿತು. ಅವನು ಕೈ ಬಿಟ್ಟು ಹಾರಿದ ಕ್ಷಣ ಚಕ್ರ ತಾನೇ ನೇರವಾಗುತ್ತದೆ. ಆಗ ಕಾರು ಯಾವ ಕಡೆ ಮುಖ ಮಾಡಿರುತ್ತದೋ ಆ ಕಡೆಗೆ ನೇರ ಹೋಗುತ್ತದೆ. ಮೂವತ್ತು ಹೆಜ್ಜೆ ಆಚೆ ಶಾಮಿಯಾನ, ಅದರ ತುಂಬ ಹೆಂಗಸರು, ಮಕ್ಕಳು. ನಾನು ಓಡಿಹೋಗಿ ಏಳಿ, ಏಳಿ ಎಂದು ಬೇಡಿಕೊಂಡೆ. ಯಾರೂ ಏಳಲಿಲ್ಲ. ಹಿಂದಿನ ಸಾಲಿನವರು ಚೆನ್ನಾಗಿ ಕಾಣಲೆಂದು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ತಿರುಗಿ ನೋಡಿದರೆ ಮೇಷ್ಟ್ರು ಮೈದಾನದೊಳಗೆ ನಡೆಯುತ್ತಿದ್ದರು. ಕಾರು ವೃತ್ತದ ಆಚೆ ಬದಿಗೆ ಹೋಗುವುದನ್ನು ಕಾದು, ಟೈರಿನ ಗುರುತನ್ನು ದಾಟಿ, ಏಳೆಂಟು ಹೆಜ್ಜೆ ನಡೆದು, ಒಂದು ಕಡೆ ನಿಂತರು. ಎಡಕ್ಕೆ ಅರ್ಧ ಹೆಜ್ಜೆ ಸರಿದರು. ಕೊಡೆ ಬಿಚ್ಚಿ ಎತ್ತಿ ಹಿಡಿದರು. ಅದು ನಾಲ್ಕು ಚಕ್ರಗಳ ಕೇಂದ್ರ. ಕಾರು ಅವರ ಸುತ್ತ ತಿರುಗುತ್ತಿತ್ತು.

"ಗಣಪತೀ! ನನ್ನ ಕೊಡೆ ನೋಡು! ಬೇರೆ ಎಲ್ಲೂ ನೋಡ್ಬೇಡ!"

"ಕೈ ಸೋಲ್ತಿದೆ ಸಾರ್!"

"ವೃತ್ತ ಅಂದ್ರೇನು ಹೇಳು!"

"ಸಾರ್?"

"ವೃತ್ತ! ಒಂಬತ್ತನೇ ಕ್ಲಾಸಲ್ಲಿ ಹೇಳಿಲ್ವಾ ನಾನು!"

"ಒಂದು ಬಿಂದುವಿನಿಂದ... ಸಮದೂರದಲ್ಲಿರೋ..."

"ಜೋರಾಗಿ!"

"ಸಮದೂರದಲ್ಲಿರೋ ಬಿಂದುಗಳ ಪಥ ಸಾರ್!"

"ಜ್ಯಾ ಅಂದ್ರೆ?"

ಹೀಗೆ ಜ್ಯಾ, ಕಂಸ, ತ್ರಿಜ್ಯ ಎಲ್ಲವೂ ಬಂದವು. ಗಣಪತಿ ಅಳುತ್ತಲೇ ಉತ್ತರ ಹೇಳಿದ. ಹೈಸ್ಕೂಲಿನಲ್ಲಿ ರೇಖಾಗಣಿತದಲ್ಲಿ ಪ್ರತಿಸಲ ಫೇಲಾಗುತ್ತಿದ್ದವನು ಆ ದಿನ ಒಂದನ್ನೂ ತಪ್ಪು ಹೇಳಲಿಲ್ಲ. ಅವನು ತಮ್ಮನ್ನೇ ನೋಡುತ್ತಿರಲೆಂದು ಮೇಷ್ಟ್ರು ಕಾರಿನ ಜೊತೆ ಜೊತೆಗೇ ತಾವೂ ನಿಂತಲ್ಲಿ ತಿರುಗುತ್ತಿದ್ದರು.

"ಸ್ಪರ್ಶಕ ಅಂದ್ರೆ?"

"ವೃತ್ತಾನ ಒಂದೇ ಕಡೆ ಮುಟ್ಟಿ ಹೋಗೋ ಗೆರೆ ಸಾರ್!"

"ನೀನು ಕೈ ಬಿಟ್ರೆ ನಿನ್ನ ಸ್ಪರ್ಶಕ ಎಲ್ಲಿಗೆ ಹೋಗ್ತದೆ ನೋಡು!" ಮೇಷ್ಟ್ರು ಶಾಮಿಯಾನದ ಕಡೆ ಕೈ ತೋರಿಸಿದರು.

"ಹಿಡ್ಕೊಂಡೆ ಸಾರ್! ಹಿಡ್ಕೊಂಡೆ!"

ಪೆಟ್ರೋಲು ಮುಗಿಯುವವರೆಗೂ ಅದು ನಡೆಯಿತು. ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಗಣಪತಿಯ ಬೆರಳುಗಳನ್ನು ಸ್ಟೇರಿಂಗಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಮೇಷ್ಟ್ರು ಕೊಡೆ ಮಡಿಸಿ, ಕುಕ್ಕರಗಾಲಲ್ಲಿ ಕೂತು, ಕೆಂಪು ಮಣ್ಣಿನ ಮೇಲೆ ಮೂಡಿದ್ದ ಟೈರಿನ ಗುರುತುಗಳ ಅಂಚನ್ನು ಬೆರಳಿನಿಂದ ಮುಟ್ಟಿದರು. ಒಂದರೊಳಗೊಂದು ನಾಲ್ಕು ವೃತ್ತ, ಅಚ್ಚು ಹಾಕಿದಂತೆ. "ಉಜ್ಜಿಲ್ಲ" ಎಂದರು. "ಒಂದು ಕಡೇನೂ ಉಜ್ಜಿಲ್ಲ." ಆಮೇಲೆ ಎದ್ದು, ಓಲಾಡುತ್ತಾ ಶಾಮಿಯಾನದ ಹಿಂದಕ್ಕೆ ಹೋಗಿ ವಾಂತಿ ಮಾಡಿಕೊಂಡರು.

ಬಹುಮಾನ ತೀರ್ಥಹಳ್ಳಿಯ ಹುಡುಗರಿಗೆ ಹೋಯಿತು. ನಾವು ಸುತ್ತುತ್ತಿದ್ದಾಗ ಅವರು ತಮ್ಮ ಕಾರನ್ನು ಮೈದಾನದ ಅಂಚಿನಲ್ಲೇ ಕೈಯಲ್ಲಿ ತಳ್ಳಿಕೊಂಡು ಹೋಗಿ ಪಟ್ಟಿ ದಾಟಿಸಿದ್ದರು. ತಳ್ಳಬಾರದೆಂದು ನಿಯಮದಲ್ಲಿರಲಿಲ್ಲ. ಮೇಷ್ಟ್ರು ಹೋಗಿ ಅವರ ಕೈ ಕುಲುಕಿ ಅಭಿನಂದಿಸಿ, ಅವರ ಮುಂದಿನ ಚಕ್ರಗಳನ್ನು ನೋಡಿ, ಕನಿಕರದಿಂದ ತಲೆಯಾಡಿಸಿದರು. ಮತ್ತೆ ಸಾಗರಕ್ಕೆ ನಡೆದೇ ಹೋದರು.

ಮಾರನೆಯ ವರ್ಷ ಅವರು ನಿವೃತ್ತರಾದರು. ತೀರ್ಥಹಳ್ಳಿಯಲ್ಲಿ ಹೆಂಡತಿಯ ತಂಗಿಯ ಮನೆಯ ಪಕ್ಕದಲ್ಲೇ ಮನೆ ಮಾಡಿದರು. ನಾನು ಗ್ಯಾರೇಜು ತೆರೆದೆ. ಬರುವ ಪ್ರತಿ ಡ್ರೈವರಿಗೂ, ಪ್ರತಿ ಕ್ಲೀನರಿಗೂ ಆ ಕಥೆ ಹೇಳಿದೆ. ಹೇಳುವಾಗೆಲ್ಲ, ಮೇಷ್ಟ್ರು ನಡುವೆ ಕಲ್ಲುಕಂಬದಂತೆ ಅಲುಗಾಡದೆ ನಿಂತಿದ್ದರು ಎನ್ನುತ್ತಿದ್ದೆ. ಅವರನ್ನು ನೋಡಿಬರಲು ಮಾತ್ರ ಹೋಗಲಿಲ್ಲ. ನಾಳೆ, ಬರುವ ವಾರ ಎನ್ನುತ್ತಲೇ ವರ್ಷಗಳು ಕಳೆದವು.

ಸುದ್ದಿ ಕೇಳಿದ ಮಾರನೆಯ ದಿನ ತೀರ್ಥಹಳ್ಳಿಗೆ ಹೋದೆ. ಮೇಷ್ಟ್ರ ಹೆಂಡತಿ, ನಮಗೆಲ್ಲ ಅಮ್ಮ, ಜಗುಲಿಯಲ್ಲಿ ಕೂತಿದ್ದರು. ಗುರುತು ಹಿಡಿದರು.

"ಕಾರಿನ ಹುಡುಗ ಅಲ್ವಾ? ಬಾ, ಕೂತ್ಕ. ಆ ಕಾರಿನ ವಿಷಯ ಎಷ್ಟು ಸಲ ಹೇಳ್ತಿದ್ರು. ಮಾಸ್ತಿಕಟ್ಟೇಲಿ ಶಾಮಿಯಾನದ ನೆರಳಲ್ಲಿ ಕೂತು ಮಜ್ಜಿಗೆ ಕುಡೀತಾ ನೋಡಿದೆ, ಹುಡುಗರು ಚೆನ್ನಾಗಿ ಓಡಿಸಿದ್ರು ಅಂತ."

ನಾನು ಸುಮ್ಮನಿರಬೇಕಿತ್ತು. "ಶಾಮಿಯಾನದಲ್ಲಿರ್ಲಿಲ್ಲಮ್ಮ ಅವ್ರು" ಎಂದುಬಿಟ್ಟೆ. ಆಮೇಲೆ ಎಲ್ಲವನ್ನೂ ಹೇಳಬೇಕಾಯಿತು.

ಅಮ್ಮ ಕೇಳುತ್ತಾ ಕೇಳುತ್ತಾ ಎದ್ದು ನಿಂತರು. ಗೋಡೆಯ ಮೇಲೆ, ಹಾರ ಹಾಕಿದ ಪಟದಲ್ಲಿ ಮೇಷ್ಟ್ರು ಕೋಟು ತೊಟ್ಟು ಕೂತಿದ್ದರು. "ಮಜ್ಜಿಗೆ ಕುಡಿದ್ರಂತೆ, ಮಜ್ಜಿಗೆ!" ಎಂದು ಆ ಪಟಕ್ಕೆ ಬೈದರು. "ನಿಮಗೇನಾದ್ರೂ ಆಗಿದ್ರೆ ನಾನ್ ಎಲ್ಲಿಗೆ ಹೋಗ್ಬೇಕಿತ್ತು?" ಮತ್ತೆ ನನ್ನ ಕಡೆ ತಿರುಗಿದರು. "ಎಷ್ಟು ಸುತ್ತು?"

"ಮೈಕಿನ ಲೆಕ್ಕ ಅರವತ್ಮೂರು."

"ಅರವತ್ಮೂರು!" ಅವರು ಮೆಲ್ಲಗೆ ಕೂತರು. "ಹೆದರಿದ್ರಾ?" ಎಂದು ಕೇಳಿದರು.

ಕಲ್ಲುಕಂಬದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ದಿನ ಕೊನೆಯ ಸುತ್ತುಗಳಲ್ಲಿ ನಾನು ಟೈರಿನ ಗುರುತಿನ ಪಕ್ಕದಲ್ಲೇ ನಿಂತಿದ್ದೆ. ನೋಡಿದ್ದು ನನಗೊಬ್ಬನಿಗೇ ಗೊತ್ತು.

"ಹೆದರಿದ್ರು" ಎಂದೆ. "ಗಾಳಿ ಇರ್ಲಿಲ್ಲ. ಪಂಚೆಯ ಅಂಚು ನಡುಗ್ತಿತ್ತು. ಕೊಡೆಯೂ ನಡುಗ್ತಿತ್ತು."

ಅಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡರು. "ಸದ್ಯ" ಎಂದರು. "ಅಷ್ಟಾದ್ರೂ ಬುದ್ಧಿ ಇತ್ತಲ್ಲ."

ಆಮೇಲೆ ಒಳಗಿದ್ದ ತಂಗಿಗೆ, ಇನ್ನೊಂದು ಪಾವು ಅಕ್ಕಿ ಹಾಕೇ, ಈ ಹುಡುಗ ಊಟ ಮಾಡ್ಕೊಂಡು ಹೋಗ್ತಾನೆ ಎಂದು ಕೂಗಿ ಹೇಳಿದರು.